ಕಮೋಡೋರನಿಗೆ ಕೊನೆಯ ಸಲಾಮು: ಒಂದು ಸೋತ ಕಂತಿನ ವಿಚಾರ

ಅಮೆರಿಕೆಯ ‘ಕೊಲಂಬೊ’ ಎಂಬ ಪತ್ತೇದಾರಿ ದೂರದರ್ಶನ ಮಾಲಿಕೆಯ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು, ಕೆಲವರು ನೋಡಿಯೂ ಇರಬಹುದು. ೧೯೬೮ರಿಂದ ೨೦೦೩ರವರೆಗೆ, ನಡುವೆ ಹತ್ತು ವರ್ಷಗಳಿಗೂ ಮೀರಿದ ಬಿಡುವು ಕೊಟ್ಟು, ಅದು ಒಟ್ಟು ೬೯ ಕಂತುಗಳಾಗಿ ಬಂದಿತು. ಒಂದೊಂದು ಕಂತಿನಲ್ಲೂ ಒಂದು ಪೂರ್ತಿ ಕಥೆ. ಮುಖ್ಯ ಪಾತ್ರ ವಹಿಸಿದ ಪೀಟರ್ ಫಾಲ್ಕ್ ೨೦೧೧ರಲ್ಲಿ ತೀರಿಕೊಂಡರು. ಮಾಲಿಕೆ ನಿಂತು ಎರಡು ದಶಕ ಕಳೆದರೂ ಅದರ ಅಭಿಮಾನಿಗಳ ವಾದವಿವಾದ ಮಾತ್ರ ನಿಂತಿಲ್ಲ. ಯಾವ ಕಂತು ಅತ್ಯುತ್ತಮ ಎಂಬುದರಲ್ಲಿ ಅವರಿಗೆ ಒಮ್ಮತವಿಲ್ಲ. ಯಾವುದು ಕಳಪೆ ಎಂದು ಕೇಳಿದರೆ ಮಾತ್ರ ಬಹುಮಂದಿಯ ಬಾಯಲ್ಲಿ ಬೇಗನೆ ಬರುವ ಹೆಸರುಗಳಲ್ಲಿ ಒಂದು, ೧೯೭೬ರ ಮೇ ೨ರಂದು ಪ್ರಸಾರವಾದ ‘ಲಾಸ್ಟ್ ಸೆಲ್ಯೂಟ್ ಟು ದ ಕಮೋಡೋರ್’. ಕಮೋಡೋರನಿಗೆ ಕೊನೆಯ ಸಲಾಮು.

ಎಲ್ಲೋ ಅಮೆರಿಕೆಯ ಒಂದು ಸೋತ ಕಂತಿನ ಗೊಡವೆ ನಮಗೇಕೆ ಎಂದು ಓದುಗರು ಕೇಳಬಹುದು. ಆ ಕಂತು ಏಕೆ ಸೋತಿತೆಂಬುದನ್ನು ಅಭಿಮಾನಿಗಳು ಎಷ್ಟು ಕೂಲಂಕಷವಾಗಿ ವಿಚಾರಿಸುತ್ತಾರೆಂಬುದೇ ನನಗೆ ಮುಖ್ಯವಾಗಿ ಕಂಡಿತು. ಪ್ರೀತಿಸುವ ಕೃತಿಯ ತಪ್ಪನ್ನು ಎಣಿಸುವ ಆ ಬಗೆಯಿಂದ ನಾವು ಕಲಿಯಬೇಕಾದದ್ದು ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಈ ಮಾಲಿಕೆಯ ಕಟ್ಟಳೆಯನ್ನು ತಿಳಿಯಬೇಕು. ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಎಂಬ ಜೋಡಿ ಲೇಖಕರು ಸೃಷ್ಟಿಸಿದ ಈ ಪಾತ್ರ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಒಬ್ಬ ಲೆಫ್ಟಿನೆಂಟ್. ಸುಕ್ಕುಬಿದ್ದ ಮಳೆಕೋಟು, ಕೈಯಲ್ಲಿ ಅಗ್ಗದ ಚುಟ್ಟಾ, ಓಡಿದರೆ ಓಡಿತು ಎನ್ನುವಂಥ ಹಳೆಯ ಫ್ರೆಂಚ್ ಕಾರು. ಕಂತಿನ ಆರಂಭದಲ್ಲೇ ಕೊಲೆ ನಮ್ಮ ಕಣ್ಣೆದುರಿಗೇ ನಡೆದುಹೋಗುತ್ತದೆ. ಕೊಂದವನು ಯಾರು, ಏಕೆ ಕೊಂದ, ಗುರುತು ಹೇಗೆ ಅಳಿಸಿದ, ಎಲ್ಲವೂ ನಮಗೆ ಗೊತ್ತು. ಆತ ಸಾಮಾನ್ಯವಾಗಿ ಸಿರಿವಂತ, ಬುದ್ಧಿವಂತ, ತನ್ನ ಬುದ್ಧಿಯ ಬಗ್ಗೆ ಸ್ವಲ್ಪ ಹೆಚ್ಚೇ ಅಭಿಮಾನವುಳ್ಳವನು. ಅಲ್ಲಿಗೆ ಈ ಪೆದ್ದನಂತೆ ಕಾಣುವ ಲೆಫ್ಟಿನೆಂಟ್ ಬಂದು ತಲೆ ಕೆರೆದುಕೊಳ್ಳುತ್ತಾನೆ, ಕಾಣದ ಹೆಂಡತಿಯ ವಿಷಯ ಹೇಳುತ್ತಾನೆ, ಬಾಗಿಲವರೆಗೆ ಹೋದವನು ತಿರುಗಿ ಇನ್ನೊಂದೇ ಒಂದು ಸಂದೇಹವೆಂದು ಕೇಳುತ್ತಾನೆ. ಕೊಲೆಗಾರನಿಗೆ ಇವನ ಮೇಲೆ ಮೊದಲು ತಾತ್ಸಾರ, ಆಮೇಲೆ ಕಿರಿಕಿರಿ, ಕೊನೆಗೆ ಭಯ.

ಕೊಲೆಗಾರನನ್ನು ಮೊದಲೇ ತೋರಿಸಿ ಕಥೆ ಹೇಳುವ ಈ ಕ್ರಮ ಲೆವಿನ್‌ಸನ್ ಮತ್ತು ಲಿಂಕರ ಸ್ವಂತದ್ದೇನಲ್ಲ. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ ೧೯೧೨ರಲ್ಲೇ ‘ದ ಸಿಂಗಿಂಗ್ ಬೋನ್’ ಎಂಬ ಸಂಕಲನದಲ್ಲಿ ಇಂಥ ಕಥೆಗಳನ್ನು ಪ್ರಕಟಿಸಿದ್ದರು. ಇನ್ನು ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಬರುವ ತನಿಖಾಧಿಕಾರಿ ಪೊರ್ಫೀರಿಯ ನೆರಳು ಕೊಲಂಬೊನ ಮೇಲೆ ಬಿದ್ದಿದೆಯೆಂದು ಅವನನ್ನು ಸೃಷ್ಟಿಸಿದವರೇ ಒಪ್ಪಿದ್ದಾರೆ.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಲೈಬ್ರರಿಯಿಂದ ತಂದು, ಕೊನೆಯ ಪುಟವನ್ನು ಯಾರಾದರೂ ಮೊದಲೇ ಹೇಳಿಬಿಟ್ಟಾರೆಂದು ಹೆದರುತ್ತ ಓದಿದ ತಲೆಮಾರಿಗೆ ಇದು ವಿಚಿತ್ರವೆನ್ನಿಸಬಹುದು. ಗುಟ್ಟು ಬಿಟ್ಟುಕೊಟ್ಟ ಮೇಲೆ ಉಳಿಯುವುದೇನು? ಆದರೆ ತಾಳಮದ್ದಳೆ ಕೇಳಿದವರಿಗೆ ಉತ್ತರ ಗೊತ್ತು. ‘ಕೃಷ್ಣಸಂಧಾನ’ ಕೇಳಲು ಹೋದವನಿಗೆ ಸಂಧಾನ ಮುರಿಯುತ್ತದೆಂಬುದು ಮನೆ ಬಿಡುವಾಗಲೇ ಗೊತ್ತಿರುತ್ತದೆ. ಅವನು ಹೋಗುವುದು ಅದು ಹೇಗೆ ಮುರಿಯಿತೆಂದು ಕೇಳಲು. ಕೌರವನ ಅರ್ಥ ಹೇಳುವವರು ಇಂದು ಯಾವ ವಾದ ಹೂಡುತ್ತಾರೆ, ಕೃಷ್ಣನಾಗಿ ಕುಳಿತವರು ಅದಕ್ಕೆ ಯಾವ ಪಟ್ಟು ಹಾಕುತ್ತಾರೆ ಎಂದು ಕೇಳಲು. ಕೊಲಂಬೊ ಕಂತಿನ ರಸವೂ ಇದೇ. ಇಬ್ಬರು ಎದುರುಬದುರು ಕುಳಿತು ಮಾತಿನಲ್ಲಿ ಸೆಣಸುವುದು.

ಈಗ ಸೋತ ಕಂತಿಗೆ ಬರೋಣ. ಹಡಗು ಕಟ್ಟುವ ಸಿರಿವಂತ ಮುದುಕ ಕಮೋಡೋರ್ ಓಟಿಸ್ ಸ್ವಾನ್‌ಸನ್. ಅವನ ಸುತ್ತ ಕುಡಿತಕ್ಕೆ ಬಿದ್ದ ಮಗಳು, ಆಸ್ತಿಯ ಮೇಲೆ ಕಣ್ಣಿಟ್ಟ ಅಳಿಯ ಚಾರ್ಲ್ಸ್ ಕ್ಲೇ, ನಗೆಚಾಟಿಕೆಯ ಅಣ್ಣನ ಮಗ ಸ್ವಾನಿ, ವಕೀಲ, ಹಡಗುಕಟ್ಟೆಯ ಮೇಲ್ವಿಚಾರಕ, ಮುದುಕ ಮದುವೆಯಾಗಬೇಕೆಂದಿದ್ದ ತರುಣಿ. ಮುದುಕ ಸತ್ತುಬೀಳುತ್ತಾನೆ. ಅಳಿಯ ರಾತ್ರಿಯಲ್ಲಿ ಗುರುತುಗಳನ್ನು ಅಳಿಸಿ ಹೆಣವನ್ನು ದೋಣಿಯಲ್ಲಿ ಸಾಗಿಸುವುದನ್ನು ನಾವು ನೋಡುತ್ತೇವೆ. ಹೊಡೆತ ಬಿದ್ದದ್ದನ್ನು ಮಾತ್ರ ನೋಡುವುದಿಲ್ಲ. ಅಳಿಯನಾಗಿ ನಟಿಸಿದ ರಾಬರ್ಟ್ ವಾನ್ ಹಿಂದಿನ ವರ್ಷವಷ್ಟೇ ‘ಟ್ರಬಲ್ಡ್ ವಾಟರ್ಸ್’ ಎಂಬ ಕಂತಿನಲ್ಲಿ, ಅದೂ ಹಡಗಿನ ಮೇಲೆಯೇ, ಕೊಲೆಗಾರನಾಗಿದ್ದವರು. ಹೀಗಾಗಿ ಈ ಸಲವೂ ಅವನೇ ಎಂದು ನಾವು ನಂಬಿ ಕುಳಿತಿರುವಾಗ ಅವನೇ ಹೆಣವಾಗಿ ಸಿಗುತ್ತಾನೆ! ಹೆಂಡತಿಯೇ ತಂದೆಯನ್ನು ಕೊಂದಳೆಂದು ತಿಳಿದು ಆತ ಗುರುತು ಮುಚ್ಚಿದ್ದ. ಕೊನೆಗೆ ಕೊಲಂಬೊ ಉಳಿದವರನ್ನೆಲ್ಲ ಒಂದೆಡೆ ಕೂಡಿಸಿ, ಅಗಾಥಾ ಕ್ರಿಸ್ಟಿಯ ಪದ್ಧತಿಯಲ್ಲಿ, ಅಣ್ಣನ ಮಗನೇ ಕೊಂದವನೆಂದು ತೋರಿಸುತ್ತಾನೆ.

ಈ ಕಂತಿನ ಪರವಾಗಿ ವಾದಿಸುವವರು ಕಡಿಮೆ, ಆದರೆ ಇದ್ದಾರೆ. ಅವರ ಮಾತನ್ನು ಮೊದಲು ಕೇಳುವುದು ನ್ಯಾಯ. ಐದು ವರ್ಷ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮೇಲೆ ಒಮ್ಮೆಯಾದರೂ ಅಚ್ಚು ಬದಲಿಸಬಾರದೆ, ಎಂಬುದು ಅವರ ಪ್ರಶ್ನೆ. ಮಾಲಿಕೆಯ ಕಟ್ಟಳೆಯ ಮೇಲೆ ನಮಗಿರುವ ನಂಬಿಕೆಯನ್ನೇ ಗಾಳವಾಗಿಸಿ ನಮ್ಮನ್ನು ಹಿಡಿದದ್ದು ಜಾಣತನವಲ್ಲವೆ? ಈ ಮಾತಿನಲ್ಲಿ ಹುರುಳಿದೆ. ಕ್ಲೇ ಸತ್ತ ಗಳಿಗೆ ನಿಜಕ್ಕೂ ಚುರುಕಾದದ್ದು. ಆದ್ದರಿಂದ ‘ಕಟ್ಟಳೆ ಮುರಿದರು, ಕೆಟ್ಟರು’ ಎಂದು ಹೇಳಿ ಕೈತೊಳೆದುಕೊಳ್ಳುವ ಅಭಿಮಾನಿಗಳೊಡನೆ ನನ್ನ ಸಹಮತವಿಲ್ಲ.

ಏಕೆಂದರೆ ಕಟ್ಟಳೆ ಅದಕ್ಕೂ ಮುಂಚೆ ಮುರಿದಿತ್ತು, ಆಗ ಯಾರೂ ದೂರಲಿಲ್ಲ. ೧೯೭೩ರ ‘ಡಬಲ್ ಶಾಕ್’ ಕಂತಿನಲ್ಲಿ ಮಾರ್ಟಿನ್ ಲ್ಯಾಂಡೌ ಅವಳಿ ಸೋದರರ ಪಾತ್ರ ವಹಿಸಿದ್ದಾರೆ. ಕೊಲೆಯನ್ನು ನಾವು ನೋಡುತ್ತೇವೆ, ಆದರೆ ಕೊಂದವನು ಇಬ್ಬರಲ್ಲಿ ಯಾರು ಎಂಬ ಗಂಟು ಕೊನೆಯವರೆಗೂ ಬಿಚ್ಚುವುದಿಲ್ಲ. ೧೯೭೫ರ ಸೆಪ್ಟೆಂಬರಿನಲ್ಲಿ, ಎಂದರೆ ಕಮೋಡೋರನ ಸರಣಿಯ ಮೊದಲ ಕಂತಾಗಿಯೇ, ‘ಫರ್ಗಾಟನ್ ಲೇಡಿ’ ಬಂದಿತು. ಅದರಲ್ಲಿ ಹಳೆಯ ಚಿತ್ರತಾರೆಯೊಬ್ಬಳು ಗಂಡನನ್ನು ಕೊಲ್ಲುತ್ತಾಳೆ. ಮಿದುಳಿನ ರೋಗದಿಂದ ತಾನು ಕೊಂದದ್ದೇ ಅವಳಿಗೆ ಮರೆತುಹೋಗಿದೆ, ಬದುಕು ಕೆಲವೇ ದಿನದ್ದು. ಅವಳನ್ನು ಪ್ರೀತಿಸುವ ಹಳೆಯ ಗೆಳೆಯ ತಪ್ಪನ್ನು ತನ್ನ ತಲೆಗೆ ಹೊತ್ತುಕೊಳ್ಳುತ್ತಾನೆ, ಕೊಲಂಬೊ ತಿಳಿದೂ ಒಪ್ಪಿಕೊಳ್ಳುತ್ತಾನೆ. ಕೊಲೆಗಾತಿಯನ್ನು ಹಿಡಿಯದೆ ಬಿಡುವುದಕ್ಕಿಂತ ದೊಡ್ಡ ಕಟ್ಟಳೆಭಂಗ ಪತ್ತೇದಾರಿ ಕಥೆಯಲ್ಲಿ ಇನ್ನಾವುದಿದೆ? ಆದರೂ ಅಭಿಮಾನಿಗಳಿಗೆ ಅದು ಅಚ್ಚುಮೆಚ್ಚಿನ ಕಂತುಗಳಲ್ಲಿ ಒಂದು.

ಹಾಗಾದರೆ ಕಮೋಡೋರನ ಕಂತಿನಲ್ಲಿ ತಪ್ಪಿದ್ದೆಲ್ಲಿ? ಮೂರು ಕಡೆ ಎಂದು ನನಗೆ ತೋರುತ್ತದೆ.

ಒಂದು, ಎದುರಾಳಿ ಇಲ್ಲವಾದದ್ದು. ಕ್ಲೇ ಸತ್ತದ್ದು ಆ ಗಳಿಗೆಗೆ ಚೆನ್ನ, ಮುಂದಿನ ಕಥೆಗೆ ನಷ್ಟ. ಕೌರವನ ಅರ್ಥಧಾರಿ ನಡುರಾತ್ರಿಯಲ್ಲಿ ಎದ್ದು ಬಸ್ಸು ಹಿಡಿದರೆ ಕೃಷ್ಣ ಯಾರೊಡನೆ ಸಂಧಾನ ಮಾಡಬೇಕು? ಉಳಿದ ಐವರಲ್ಲಿ ಒಬ್ಬರೊಡನೆಯೂ ಕೊಲಂಬೊನ ಸೆಣಸು ಬೆಳೆದಿಲ್ಲ. ನಿಜವಾದ ಕೊಲೆಗಾರ ಸ್ವಾನಿ ಅಷ್ಟು ಹೊತ್ತೂ ಮೂಲೆಯಲ್ಲಿ ಚಾಟು ಹಾರಿಸುತ್ತಿದ್ದವನು. ಅವನು ಸಿಕ್ಕಿಬಿದ್ದಾಗ ನಮಗೆ ಬೆರಗೂ ಇಲ್ಲ, ಮರುಕವೂ ಇಲ್ಲ.

ಎರಡು, ನಾಯಕನೇ ಬೇರೆಯಾದದ್ದು. ಇದು ಹೆಚ್ಚು ಗಂಭೀರ. ‘ಡಬಲ್ ಶಾಕ್’ನಲ್ಲಿ ಕಥೆಯ ಹಾದಿ ಬದಲಾದರೂ ಮನುಷ್ಯ ಅವನೇ. ಕೊಳಕು ಮಾಡಿದ್ದಕ್ಕೆ ಮನೆವಾರ್ತೆಯ ಮುದುಕಿಯಿಂದ ಬೈಸಿಕೊಂಡು ಮುದುಡುವ, ಟೆಲಿವಿಷನ್ನಿನ ಅಡುಗೆ ಕಾರ್ಯಕ್ರಮಕ್ಕೆ ಎಳೆತಂದಾಗ ನಾಚಿ ನಿಲ್ಲುವ ಅದೇ ಕೊಲಂಬೊ. ೧೯೭೬ರ ಈ ಕಂತಿನಲ್ಲಿ ಅವನು ಎದುರಿಗಿದ್ದವರ ಹೆಗಲ ಮೇಲೆ ಕೈಹಾಕಿ ಮುಖಕ್ಕೆ ಮುಖ ತಾಗುವಂತೆ ನಿಲ್ಲುತ್ತಾನೆ. ಧ್ಯಾನಕ್ಕೆ ಕುಳಿತ ತರುಣಿಯ ಮಗ್ಗುಲಲ್ಲಿ ತಾನೂ ಕುಳಿತು ಪಿಸುಗುಟ್ಟುತ್ತಾನೆ. ಅರ್ಧ ಮಾತಾಡಿ ಮೌನಕ್ಕೆ ಜಾರುತ್ತಾನೆ. ಸದಾ ಒಂಟಿಯಾಗಿ ತಿರುಗುವವನ ಹಿಂದೆ ಇಬ್ಬರು ಸಹಾಯಕರು, ಅವರೊಡನೆ ಲಂಬಿಸಿದ ಹಾಸ್ಯ. ಕೊಲಂಬೊನ ಪೆದ್ದುತನಕ್ಕೆ ಯಾವಾಗಲೂ ಒಂದು ಉದ್ದೇಶ ಇರುತ್ತಿತ್ತು. ಎದುರಿನವನು ಮೈಮರೆಯಲಿ ಎಂಬುದೇ ಆ ಉದ್ದೇಶ. ಇಲ್ಲಿ ಉದ್ದೇಶ ಮಾಯವಾಗಿ ಚೇಷ್ಟೆಯಷ್ಟೇ ಉಳಿದಿದೆ. ರಸಭಂಗಕ್ಕೆ ಅನೌಚಿತ್ಯವೇ ಮೂಲವೆಂದು ನಮ್ಮ ಆಲಂಕಾರಿಕರು ತಿಳಿದದ್ದು ಇಂಥದನ್ನೇ ಅಲ್ಲವೆ?

ಮೂರು, ಕೊನೆಯ ಸುಳಿವು. ಕೊಲಂಬೊ ಸತ್ತವನ ಗಡಿಯಾರವೆಂದು ಹೇಳಿ ಒಂದು ಗಡಿಯಾರವನ್ನು ಒಬ್ಬೊಬ್ಬರ ಕಿವಿಗೂ ಹಿಡಿಯುತ್ತಾನೆ. ಅದು ಟಿಕ್ ಟಿಕ್ ಎನ್ನುವುದನ್ನು ಕೇಳಿ ಸ್ವಾನಿ ಬಾಯ್ತಪ್ಪಿ ಅಲ್ಲವೆಂದುಬಿಡುತ್ತಾನೆ. ಕಮೋಡೋರನ ಗಡಿಯಾರ ಒಡೆದದ್ದು ಕೊಂದವನಿಗೆ ಮಾತ್ರ ಗೊತ್ತಲ್ಲ! ಉಪಾಯವೇನೋ ಸರಿ. ಆದರೆ ಬಾಯ್ತಪ್ಪಿದ ಒಂದು ಮಾತಿಗೆ ನ್ಯಾಯಾಲಯ ಎಷ್ಟು ಬೆಲೆ ಕೊಟ್ಟೀತು? ಇದೇ ಕಂತಿನ ಲೇಖಕ ಜಾಕ್ಸನ್ ಗಿಲ್ಲಿಸ್ ೧೯೭೧ರಲ್ಲಿ ‘ಸೂಟಬಲ್ ಫಾರ್ ಫ್ರೇಮಿಂಗ್’ ಬರೆದವರು. ಅದರಲ್ಲಿ ಕೊಲೆಗಾರ ಇನ್ನೊಬ್ಬರ ಮನೆಯಲ್ಲಿ ಅಡಗಿಸಿದ ಚಿತ್ರಗಳ ಮೇಲೆ ಕೊಲಂಬೊನದೇ ಬೆರಳಗುರುತು ಸಿಗುತ್ತದೆ. ಅವು ಕೊಲೆಗಾರನ ಕೈಯಲ್ಲಿದ್ದಾಗ ತಾನು ಮುಟ್ಟಿದ್ದೆ ಎಂದು ಕೊಲಂಬೊ ಹೇಳುತ್ತಾನೆ. ಈಗತಾನೆ ಮುಟ್ಟಿದ್ದಿರಬೇಕೆಂದು ಕೊಲೆಗಾರ ಕೂಗಿದಾಗ ಅವನು ಉತ್ತರ ಕೊಡದೆ ಜೇಬಿನಿಂದ ಎರಡು ಕೈ ಹೊರತೆಗೆಯುತ್ತಾನೆ. ಎರಡರಲ್ಲೂ ಕೈಚೀಲ ತೊಟ್ಟಿದೆ. ಅಲ್ಲಿಗೆ ಕಥೆ ಮುಗಿಯಿತು. ಕಥೆಯ ನಡುವೆ ಯಾರೂ ಗಮನಿಸದಂತೆ ಬಿತ್ತಿದ ಕಾಳು ಕೊನೆಯ ಗಳಿಗೆಯಲ್ಲಿ ತೆನೆಯಾಗುವುದು ಹೀಗೆ. ಎರಡು ಅಂತ್ಯಗಳನ್ನೂ ಒಂದೇ ಲೇಖನಿ ಬರೆದದ್ದೆಂದರೆ ನಂಬುವುದು ಕಷ್ಟ.

ನಿರ್ದೇಶಕ ಪ್ಯಾಟ್ರಿಕ್ ಮೆಕ್‌ಗೂಹನ್ ಕೂಡ ಸಾಮಾನ್ಯರಲ್ಲ. ಇದೇ ಮಾಲಿಕೆಯ ೧೯೭೪ರ ಒಂದು ಕಂತಿನಲ್ಲಿ ಕೊಲೆಗಾರನಾಗಿ ನಟಿಸಿ ಎಮ್ಮಿ ಪ್ರಶಸ್ತಿ ಪಡೆದವರು, ಮುಂದೆ ೧೯೯೦ರಲ್ಲಿ ಇನ್ನೊಂದು ಕಂತಿಗೂ ಅದನ್ನು ಪಡೆದವರು. ಫಾಲ್ಕ್ ಅವರಿಗೆ ಆಪ್ತಮಿತ್ರರು. ಸಮರ್ಥ ಲೇಖಕ, ಸಮರ್ಥ ನಿರ್ದೇಶಕ, ಸಮರ್ಥ ನಟ ಮೂವರೂ ಕೂಡಿದಾಗಲೂ ಕೃತಿ ಸೋಲಬಹುದು. ಅಭಿಮಾನಿಗಳು ಇದನ್ನು ಚೆನ್ನಾಗಿ ಬಲ್ಲರು. ಅದಕ್ಕೇ ಅವರು ಈ ಕಂತನ್ನು ಜರೆದರೂ ಮೂವರಲ್ಲಿ ಯಾರನ್ನೂ ಕೈಬಿಟ್ಟಿಲ್ಲ. ಕಂತಿನ ಕೊನೆಯಲ್ಲಿ ಕೊಲಂಬೊ ಒಬ್ಬನೇ ಪುಟ್ಟ ದೋಣಿಯಲ್ಲಿ ಹುಟ್ಟುಹಾಕುತ್ತ ದೂರವಾಗುತ್ತಾನೆ, ವಿದಾಯ ಹೇಳಿದಂತೆ. ಆದರೆ ೧೯೭೬ರ ಅಕ್ಟೋಬರಿನಲ್ಲಿ ಮಾಲಿಕೆ ಮತ್ತೆ ತನ್ನ ಹಳೆಯ ಹಾದಿಗೆ ಬಂದಿತು. ಆ ಕಂತಿನ ಕೊಲೆಗಾರ ಯಾರು ಗೊತ್ತೆ? ಟೆಲಿವಿಷನ್ನಿನಲ್ಲಿ ಪತ್ತೇದಾರನ ಪಾತ್ರ ಮಾಡುವ ನಟ!

ಇನ್ನು ನಮ್ಮ ಮಾತು. ಹೊರನಾಡಿನ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ, ವಾರ್ಷಿಕೋತ್ಸವಕ್ಕೆ ನಾಟಕವಾಗುತ್ತದೆ. ಕಚೇರಿ ಮುಗಿಸಿ, ರೈಲು ಬಸ್ಸುಗಳಲ್ಲಿ ಜೋತಾಡಿ ಬಂದು ತಾಲೀಮು ಮಾಡುವವರ ಕಷ್ಟ ನಮಗೆಲ್ಲ ಗೊತ್ತು. ಪರಸ್ಥಳದಲ್ಲಿ ಕನ್ನಡ ನಾಟಕ ಆಗುವುದೇ ಹೆಚ್ಚು ಎಂಬ ಮಾತಿನಲ್ಲಿ ಸತ್ಯವೂ ಇದೆ. ಆದರೆ ಆಮೇಲೆ ಅಚ್ಚಾಗುವ ವರದಿಯನ್ನು ನೋಡಿ. ಎಲ್ಲ ಕಲಾವಿದರೂ ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದರು, ಬೆಳಕು ಧ್ವನಿ ಪೂರಕವಾಗಿದ್ದವು, ಕಿಕ್ಕಿರಿದ ಸಭೆ ಆನಂದಿಸಿತು. ವರ್ಷ ಬದಲಾಗುತ್ತದೆ, ನಾಟಕ ಬದಲಾಗುತ್ತದೆ, ಈ ಮೂರು ವಾಕ್ಯ ಬದಲಾಗುವುದಿಲ್ಲ. ಎರಡನೆಯ ಅಂಕ ಕುಂಟಿತೆಂದು ಯಾರಾದರೂ ಬರೆದರೆ ಅವರು ಸಂಘದ ವಿರೋಧಿ! ಎಲ್ಲ ನಾಟಕವೂ ಚೆನ್ನಾಗಿತ್ತೆಂದರೆ, ನಿಜವಾಗಿ ಚೆನ್ನಾಗಿ ಆಡಿದವನಿಗೆ ನಾವು ಕೊಟ್ಟದ್ದೇನು? ಪಕ್ಕದಲ್ಲಿ ಕುಳಿತ ನಮ್ಮ ಮಕ್ಕಳು ದಡ್ಡರಲ್ಲ. ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಒಳ್ಳೆಯದನ್ನು ಕಂಡ ಅವರ ಕಣ್ಣಿಗೆ ಕುಂಟುವುದು ಕುಂಟುವುದಾಗಿಯೇ ಕಾಣುತ್ತದೆ. ನಾವು ಅದನ್ನು ಓಟವೆಂದು ಹೊಗಳಿದರೆ, ಕನ್ನಡದ ನಾಟಕಕ್ಕೆ ಇಷ್ಟೇ ಅಳತೆ ಸಾಕೇನೋ ಎಂದು ಅವರು ತಿಳಿಯುತ್ತಾರೆ. ಆ ನಷ್ಟವನ್ನು ಯಾವ ರಾಜ್ಯೋತ್ಸವವೂ ತುಂಬಿಕೊಡಲಾರದು.

ಕೊಲಂಬೊ ಅಭಿಮಾನಿಗಳು ತಮ್ಮ ಮಾಲಿಕೆಯ ಸೋಲನ್ನು ಕಂತಿನ ಹೆಸರು ಹಿಡಿದು, ದೃಶ್ಯ ತೋರಿಸಿ, ಕಾರಣ ಕೊಟ್ಟು ಹೇಳುತ್ತಾರೆ. ಹೇಳಿದ ಮೇಲೆ ಮುಂದಿನ ಕಂತು ನೋಡಲು ಕುಳಿತುಕೊಳ್ಳುತ್ತಾರೆ. ಬೈದವರು ಎದ್ದುಹೋಗಿಲ್ಲ. ನಮ್ಮಲ್ಲೂ ಅಷ್ಟಾದರೆ ಸಾಕು.

ಅನುಕೂಲವಿದ್ದವರು ಮೊದಲು ‘ಸೂಟಬಲ್ ಫಾರ್ ಫ್ರೇಮಿಂಗ್’, ಆಮೇಲೆ ಕಮೋಡೋರನ ಕಂತು, ಎರಡನ್ನೂ ಮನೆಮಂದಿಯೊಡನೆ ನೋಡಿ. ಕೊನೆಯನ್ನು ನಾನು ಮೊದಲೇ ಹೇಳಿಬಿಟ್ಟೆನೆಂದು ಕೋಪಿಸಿಕೊಳ್ಳಬೇಡಿ, ಕೃಷ್ಣಸಂಧಾನದ ಕೊನೆಯೂ ನಿಮಗೆ ಗೊತ್ತಿತ್ತು. ನೋಡಿದ ಮೇಲೆ ಕಮೋಡೋರನ ಪರವಾಗಿ ವಾದವಿದ್ದರೆ ಈ ಪತ್ರಿಕೆಗೆ ಬರೆಯಿರಿ. ಮುಂದಿನ ನಾಟಕದ ಎರಡನೆಯ ಅಂಕ ಕುಂಟಿದರೆ ಅದನ್ನೂ ಬರೆಯಿರಿ.