ಶತ್ರುವಿನ ಮುಖ

ಇತಿಹಾಸವನ್ನು ಕುರಿತ ಯುದ್ಧಚಿತ್ರವೊಂದನ್ನು ನೋಡಿ ಹೊರಬರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದೆಲ್ಲವೂ ಹೀಗೆಯೇ ನಡೆದುದೆ? ಪ್ರಶ್ನೆಯು ಯುಕ್ತವಾದುದೇ ಸರಿ. ಆದರೆ ವಿಮರ್ಶೆಯು ಅಷ್ಟಕ್ಕೇ ನಿಲ್ಲಬಾರದೆಂದು ನಮ್ಮ ಅಭಿಪ್ರಾಯ. ರಷ್ಯದ ದಿಗ್ದರ್ಶಕ ಸೆರ್ಗೆಯ್ ಐಸೆನ್‌ಸ್ಟೈನನ ‘ಅಲೆಕ್ಸಾಂಡರ್ ನೆವ್‌ಸ್ಕಿ’ (1938) ಎಂಬ ಚಿತ್ರವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಬಹುದು.

1242ನೆಯ ಇಸವಿಯ ಏಪ್ರಿಲ್ 5ರಂದು, ಹೆಪ್ಪುಗಟ್ಟಿದ ಪೈಪಸ್ ಸರೋವರದ ಬಳಿ, ನೋವ್‌ಗೊರೊಡಿನ ರಾಜಕುಮಾರ ಅಲೆಕ್ಸಾಂಡರನು ಜರ್ಮನ್ ಧರ್ಮವೀರರನ್ನು ಸೋಲಿಸಿದನು. ನೋವ್‌ಗೊರೊಡಿನ ಪ್ರಾಚೀನ ವೃತ್ತಾಂತವು 400 ಜರ್ಮನರು ಬಿದ್ದರೆನ್ನುತ್ತದೆ; ಲಿವೋನಿಯದ ಪದ್ಯವೃತ್ತಾಂತವು ಮಡಿದ ಧರ್ಮವೀರರು 20, ಸೆರೆಸಿಕ್ಕವರು 6 ಎನ್ನುತ್ತದೆ. ಬಿರಿದ ಮಂಜುಗಡ್ಡೆಯೊಳಗೆ ಕವಚಧಾರಿಗಳು ಮುಳುಗಿಹೋಗುವ ಪ್ರಸಂಗವು ಎರಡರಲ್ಲಿಯೂ ಇಲ್ಲ. ಬೇಸಗೆಯಲ್ಲಿ ಕೃತಕ ಮಂಜಿನ ಮೇಲೆ ಚಿತ್ರಿಸಿದ ಆ ದೃಶ್ಯವೇ ಪ್ರೊಕೊಫೀವನ ಸಂಗೀತದೊಡಗೂಡಿ ಲೋಕದ ನೆನಪಿನಲ್ಲಿ ಉಳಿದಿದೆ. ಅಲೆಕ್ಸಾಂಡರನ ನಿಜವಾದ ಭಾವಚಿತ್ರವು ದೊರೆಯದಿದ್ದುದರಿಂದ, 1942ರಲ್ಲಿ ಅವನ ಹೆಸರಿನ ಸೈನಿಕ ಪದಕದ ಮೇಲೆ ನಟ ಚೆರ್ಕಾಸೊವನ ಮುಖವನ್ನೇ ಅಚ್ಚೊತ್ತಿದರು.

ಇದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಜರ್ಮನಿಯ ಭೀತಿಯು ಬೆಳೆಯುತ್ತಿದ್ದ ದಿನಗಳಲ್ಲಿ ಜನರಿಗೆ ಧೈರ್ಯವನ್ನು ತುಂಬಲು ಹುಟ್ಟಿದ ಕೃತಿಯಿದು. 1939ರ ಆಗಸ್ಟಿನಲ್ಲಿ ಉಭಯ ರಾಷ್ಟ್ರಗಳಿಗೆ ಒಪ್ಪಂದವಾದೊಡನೆ ಇದರ ಪ್ರದರ್ಶನವು ನಿಂತಿತು. 1941ರ ಜೂನಿನಲ್ಲಿ ಜರ್ಮನರು ದಂಡೆತ್ತಿ ಬಂದೊಡನೆ ಮರಳಿ ತೆರೆಗೆ ಬಂದಿತು. ವೀರರಸಕ್ಕೆ ಇಂತಹ ಕಾಲವಶತೆ ಹೊಸದಲ್ಲ.

ನಮ್ಮ ಮನಸ್ಸನ್ನು ಕಾಡುವುದು ಬೇರೊಂದು ಸಂಗತಿ. ಈ ಚಿತ್ರದಲ್ಲಿ ರಷ್ಯನ್ನರ ಮುಖಗಳು ತೆರೆದಿವೆ. ಅವರ ನಗುವೂ ಪ್ರೇಮವೂ ನಮಗೆ ಪರಿಚಿತವಾಗುತ್ತವೆ. ಧರ್ಮವೀರರ ತಲೆಗಳನ್ನಾದರೋ ಕಬ್ಬಿಣದ ಶಿರಸ್ತ್ರಾಣಗಳು ಮುಚ್ಚಿವೆ. ಕಣ್ಣಿನೆಡೆಯಲ್ಲಿ ಸೀಳು ಮಾತ್ರ. ಮುಖ ಕಾಣಿಸುವ ಕೆಲವರು ಕೇವಲ ಕ್ರೌರ್ಯದ ಪ್ರತಿಮೆಗಳು. ಆದುದರಿಂದ ಅವರು ಮುಳುಗುವಾಗ ಮನುಷ್ಯರು ಸತ್ತರೆಂದು ತೋರುವುದಿಲ್ಲ, ಸಂತೋಷವೇ ಆಗುತ್ತದೆ. ನಮಗೂ ಆಯಿತೆಂಬುದನ್ನು ಮುಚ್ಚಿಡಲಾರೆವು. ಕಾಳಗ ಮುಗಿದ ಇರುಳಿನಲ್ಲಿ ಹೆಂಗಸರು ದೀಪ ಹಿಡಿದು ತಮ್ಮವರನ್ನು ಹುಡುಕುವ ದೃಶ್ಯವು ಕರುಣರಸದ ಒಂದು ಶಿಖರ. ಆದರೆ ಆ ಬೆಳಕು ಸ್ವಜನರ ಮೇಲೆ ಮಾತ್ರ ಬೀಳುತ್ತದೆ. ಸೆರೆಸಿಕ್ಕ ಕಾಲಾಳುಗಳನ್ನು ಕೊನೆಗೆ ಬಿಟ್ಟುಬಿಡುವರು, ನಿಜ; ಅದು ಗೆದ್ದವನ ಔದಾರ್ಯವೇ ಹೊರತು ಸತ್ತವನಿಗಾಗಿ ಮಿಡಿದ ಕಣ್ಣೀರಲ್ಲ.

ನಮ್ಮ ರನ್ನನೂ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿಯೇ ‘ಗದಾಯುದ್ಧ’ವನ್ನು ರಚಿಸಿದನು, ಹಳೆಯ ಯುದ್ಧವನ್ನು ತನ್ನ ಕಾಲದ ಅರಸನ ಕೀರ್ತಿಗೆ ಮೀಸಲಿಟ್ಟನು. ಆದರೂ ಹೆಣಗಳ ನಡುವೆ ತಮ್ಮನಿಗಾಗಿ, ಗೆಳೆಯನಿಗಾಗಿ ಮರುಗುವ ದುರ್ಯೋಧನನನ್ನು ಕಂಡು ಭೀಮನ ಪಕ್ಷಪಾತಿಯೂ ಕರಗುತ್ತಾನೆ. ಆ ದುರ್ಯೋಧನನೇ ವೈರಿಯ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನು ಕೊಂಡಾಡುತ್ತಾನೆ. ಒಡೆಯನ ಸ್ತುತಿಗಾಗಿ ರನ್ನನು ಶತ್ರುವಿನ ಮುಖವನ್ನು ಮುಚ್ಚಲಿಲ್ಲ.

ಐಸೆನ್‌ಸ್ಟೈನನ ಪ್ರತಿಭೆಯು ಅಸಾಧಾರಣವಾದುದು. ಆತನ ಕಾಲದ ಸಂಕಟವೂ ಕೃತಕವಾದುದಲ್ಲ. ಆದರೆ ಸಂಕಟವು ಕಳೆದ ಮೇಲೂ ಚಿತ್ರವು ಉಳಿಯುತ್ತದೆ, ಅದು ಕಲಿಸಿದ ಸಂತೋಷವೂ ಉಳಿಯುತ್ತದೆ. ಆದಕಾರಣ ಇಂತಹ ಚಿತ್ರಗಳನ್ನು ನೋಡುವ ವಾಚಕ ಮಹಾಶಯರು, ಇದು ಹೀಗೆಯೇ ನಡೆಯಿತೆ ಎಂದು ಕೇಳಿದ ಬಳಿಕ, ಇದರಲ್ಲಿ ಸತ್ತವರೆಲ್ಲರೂ ಮನುಷ್ಯರಾಗಿ ಸತ್ತರೆ ಎಂಬುದನ್ನೂ ಕೇಳಬೇಕೆಂದು ನಮ್ಮ ವಿನಂತಿ.