ವೆಸ್ಲಿಯ ದಿನಚರಿಯೂ ನಮ್ಮ ರಸಿಕತೆಯೂ

ಮೆಥಡಿಸ್ಟ್ ಪಾದ್ರಿಗಳ ಬರಹವು ನೀತಿಬೋಧೆಯೇ ಹೊರತು ಸಾಹಿತ್ಯವಲ್ಲವೆಂದೂ, ಆ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯ ದಿನಚರಿಯಲ್ಲಿ ಓದತಕ್ಕದ್ದು 1738ನೆಯ ಇಸವಿ ಮೇ 24ರ ಪುಟವೊಂದೇ ಎಂದೂ, ಮಿಕ್ಕದ್ದೆಲ್ಲ ಕುದುರೆಸವಾರಿ, ಮಳೆಗಾಳಿ, ಊರೂರಿನ ಜನಸಂದಣಿಗಳ ಶುಷ್ಕವಾದ ಟಿಪ್ಪಣಿಯೆಂದೂ ನಮ್ಮ ವಿದ್ವಾಂಸರು ತೀರ್ಪು ಕೊಟ್ಟು ಬಹುಕಾಲವಾಯಿತು. ಈ ತೀರ್ಪನ್ನು ಒಬ್ಬರ ಬಾಯಿಂದ ಮತ್ತೊಬ್ಬರು ಎತ್ತಿಕೊಂಡು ಹೇಳುತ್ತ ಬಂದಿದ್ದಾರೆಯೇ ಹೊರತು, ದಿನಚರಿಯನ್ನು ಆದ್ಯಂತವಾಗಿ ಓದಿ ಹೇಳಿದವರು ವಿರಳವೆಂಬುದು ನನ್ನ ದೃಢವಾದ ಶಂಕೆ.

ಆ ಪ್ರಸಿದ್ಧ ಪುಟದ ವೃತ್ತಾಂತ ವಾಚಕರಿಗೆ ತಿಳಿದೇ ಇದೆ. ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದಕ್ಕೆ ಹೋದ ವೆಸ್ಲಿಗೆ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಯಾರೋ ಓದುತ್ತಿರಲು, ರಾತ್ರಿ ಎಂಟೂಮುಕ್ಕಾಲರ ಸುಮಾರಿಗೆ, ಹೃದಯ ಬೆಚ್ಚಗಾದ ಅನುಭವವಾಯಿತು. ಇಷ್ಟಕ್ಕೆ ನಮ್ಮವರು ಗ್ರಂಥವನ್ನು ಮುಚ್ಚುತ್ತಾರೆ. ಏಳೆಂಟು ತಿಂಗಳು ಕಳೆದು, 1739ರ ಜನವರಿ 4ರಂದು, ತಾನು ಇಂದಿಗೂ ಕ್ರೈಸ್ತನಲ್ಲವೆಂದು ಅದೇ ವೆಸ್ಲಿ ಅದೇ ದಿನಚರಿಯಲ್ಲಿ ಬರೆದದ್ದನ್ನು ಇವರಲ್ಲಿ ಯಾರಾದರೂ ಎತ್ತಿ ಆಡಿದ್ದುಂಟೆ? ಬೆಳಕು ಕಂಡವನಿಗೆ ಆ ಬೆಳಕು ಮಾರನೆಯ ವರ್ಷದ ಚಳಿಗಾಲಕ್ಕೆ ಸಾಲದೆಹೋಯಿತು. ವಿಶ್ವಾಸವನ್ನು ಆತನು ಬೇರೆ ಕಡೆ, ದಿನದಿನದ ಕೆಲಸದಲ್ಲಿ ಅರಸಬೇಕಾಯಿತು. ಆ ಅನ್ವೇಷಣೆಯ ಕಥೆಯೇ ದಿನಚರಿಯ ಉಳಿದ ಸಂಪುಟಗಳು.

ಬ್ರಿಸ್ಟಲ್ ನಗರದ ಸಾಲದ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಅಲ್ಲಿ ಕಟ್ಟಿದ ಸಭಾಮಂದಿರದ ಸಾಲ ತೀರಿಸುವ ಬಗೆಯೇನೆಂದು ವಿಚಾರಿಸಲು 1742ರ ಫೆಬ್ರವರಿಯಲ್ಲಿ ಪ್ರಮುಖರು ಕಲೆತಾಗ, ಸಾಲ ತೀರುವವರೆಗೆ ಪ್ರತಿಯೊಬ್ಬನೂ ವಾರಕ್ಕೊಂದು ಪೆನ್ನಿ ಕೊಡಲೆಂದು ಒಬ್ಬನು ಸೂಚಿಸಿದನು. ಅಷ್ಟನ್ನೂ ಕೊಡಲಾರದ ಬಡವರು ಎಷ್ಟೋ ಮಂದಿ ಇದ್ದಾರೆಂದು ಮತ್ತೊಬ್ಬನು ಆಕ್ಷೇಪಿಸಲು, ಮೊದಲಿನವನು, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಬಿಡಿ, ವಾರವಾರವೂ ಅವರ ಮನೆಗೆ ತಾನೇ ಹೋಗುವೆನು, ಕೊಡಲಾಗದವರ ಪೆನ್ನಿಯನ್ನು ತಾನೇ ಸೇರಿಸುವೆನು ಎಂದನು. ಹೀಗೆ ವಸೂಲಿಗೆ ಹೊರಟವರು ಮನೆಗಳ ಒಳಗನ್ನು ಕಂಡರು: ಕಾಯಿಲೆ, ಕುಡಿತ, ಜಗಳ, ಅನ್ನವಿಲ್ಲದ ಒಲೆ. ಕಂಡದ್ದನ್ನು ವೆಸ್ಲಿಯ ಕಿವಿಗೆ ಹಾಕಿದರು. ತಾನು ಬಹುದಿನದಿಂದ ಹುಡುಕುತ್ತಿದ್ದುದು ಇದೇ ಎಂದು ಆತನಿಗೆ ಹೊಳೆಯಿತು. ಮೆಥಡಿಸ್ಟ್ ಪಂಥದ ಬೆನ್ನೆಲುಬಾದ ಕ್ಲಾಸ್ ಮೀಟಿಂಗು, ಹನ್ನೆರಡು ಮಂದಿ ವಾರಕ್ಕೊಮ್ಮೆ ಕುಳಿತು ತಮ್ಮ ಆತ್ಮದ ಸ್ಥಿತಿಗತಿಯನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಳ್ಳುವ ಆ ಪದ್ಧತಿ, ಒಂದು ಸಾಲದ ಲೆಕ್ಕದಿಂದ ಹುಟ್ಟಿತು. ಇದಕ್ಕಿಂತ ಗಂಭೀರವಾದ ಧಾರ್ಮಿಕ ಘಟನೆಯನ್ನು ಆ ಶತಮಾನದ ಇಂಗ್ಲೆಂಡಿನಲ್ಲಿ ನಾನು ಕಾಣೆ.

ಇನ್ನು 1785ರ ಜನವರಿ. ವೆಸ್ಲಿಗೆ ಆಗ ಎಂಬತ್ತೊಂದು ವರ್ಷ. ಸಂಘದ ಬಡವರಿಗೆ ಉಡುವ ಬಟ್ಟೆ ಒದಗಿಸಲೆಂದು ಆ ವೃದ್ಧನು ಹಿಮ ಕರಗಿ ಕೆಸರಾದ ಲಂಡನ್ನಿನ ಬೀದಿಗಳಲ್ಲಿ, ಹರಡು ಮುಳುಗುವ ನೀರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ದಿನಗಟ್ಟಲೆ ನಡೆದು ಇನ್ನೂರು ಪೌಂಡು ಬೇಡಿ ತಂದನು. ಆಮೇಲೆ ಹಾಸಿಗೆ ಹಿಡಿದನು. ಆತನು ಇದನ್ನು ಬರೆದ ಬಗೆಯನ್ನು ನೋಡಿರಿ. ಕರುಣೆಯ ಉದ್ಗಾರವಿಲ್ಲ, ಆತ್ಮಶ್ಲಾಘನೆಯ ಸುಳಿವಿಲ್ಲ. ನೀರಿನ ಆಳ, ಹಣದ ಮೊತ್ತ, ಕಾಯಿಲೆಯ ಹೆಸರು, ಅಷ್ಟೇ. ಅನ್ಯರು ಶುಷ್ಕತೆಯೆಂದು ಕರೆಯುವ ಈ ಗುಣವನ್ನು ನಾನು ಸಂಯಮವೆಂದು ಕರೆಯುತ್ತೇನೆ, ಮತ್ತು ಗದ್ಯಶೈಲಿಯ ಪರಮಾವಧಿಯೆಂದು ಭಾವಿಸುತ್ತೇನೆ. 1751ರಲ್ಲಿ ತಾನು ಮದುವೆಯಾದ ಸಂಗತಿಗೆ ಆತನು ದಿನಚರಿಯಲ್ಲಿ ಹೆಚ್ಚು ಎಡೆ ಕೊಡಲಿಲ್ಲವೆಂದು ದೂರುವವರಿದ್ದಾರೆ. ಆ ದಾಂಪತ್ಯ ಸುಖಕರವಾಗಿರಲಿಲ್ಲ. ಹೆಂಡತಿಯ ದೂಷಣೆಯಿಂದ ಪುಟ ತುಂಬದ ಬರಹಗಾರನನ್ನು ನಾನು ಗೌರವಿಸುತ್ತೇನೆ.

ಈತನ ಪರಂಪರೆಯಲ್ಲಿ ಬಂದವರೆಲ್ಲರೂ ಈ ಸಂಯಮವನ್ನು ಉಳಿಸಿಕೊಳ್ಳಲಿಲ್ಲವೆಂಬುದು ನಿಜ. 1907ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೆಥಡಿಸ್ಟ್ ಸ್ಟಾನ್ಲಿ ಜೋನ್ಸರು ದಿನಕ್ಕೊಂದು ಪುಟದಂತೆ ಬರೆದ ಧ್ಯಾನಗ್ರಂಥಗಳಲ್ಲಿ ಸಂಗತಿ ಕಣ್ಣಿಗೆ ಕಾಣುವ ಮೊದಲೇ ಸೂತ್ರ ಬಂದು ನಿಲ್ಲುತ್ತದೆ. ಆದರೆ 1930ರಲ್ಲಿ ಸಾತ್‌ತಾಲ್‌ನಲ್ಲಿ ಅವರು ಸ್ಥಾಪಿಸಿದ ಆಶ್ರಮದಲ್ಲಿ ವಾರಕ್ಕೊಂದು ದಿನ ಜಾಡಮಾಲಿಗೆ ರಜೆ ಕೊಟ್ಟು, ಪಾಯಿಖಾನೆ ತೊಳೆಯುವ ಆತನ ಕೆಲಸವನ್ನು ಆಶ್ರಮವಾಸಿಗಳೇ ಮಾಡುತ್ತಿದ್ದರೆಂಬ ಸಂಗತಿಯೊಂದು ಅವರ ನೂರು ಸೂತ್ರಗಳಿಗೆ ಸಮ.

ನನ್ನ ಜಗಳವಿರುವುದು ವೆಸ್ಲಿಯನ್ನು ಓದದವರೊಡನೆ ಮಾತ್ರವಲ್ಲ. ವೆಸ್ಲಿಯನ್ ಮಿಷನ್ನಿನವರು 1887ರಿಂದ ಮೈಸೂರಿನಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ನಡೆಸಿ, ಮಳೆಬೆಳೆಯ ಸುದ್ದಿಯನ್ನೂ ಧರ್ಮದ ಮಾತನ್ನೂ ಒಂದೇ ಹಾಳೆಯಲ್ಲಿ ಕನ್ನಡಿಗರ ಕೈಗಿತ್ತರು, ನಮ್ಮ ಸಾಹಿತ್ಯಚರಿತ್ರಕಾರರು ಅದನ್ನು ಪತ್ರಿಕೋದ್ಯಮದ ಅಧ್ಯಾಯದಲ್ಲಿ ಎರಡು ವಾಕ್ಯಕ್ಕೆ ಮುಗಿಸುತ್ತಾರೆ. ಅನುಭಾವವೆಂದರೆ ಮಿಂಚು, ಬಯಲು, ಐಕ್ಯ. ಲೆಕ್ಕ, ಕೂಲಿ, ಕಾಯಿಲೆಗಳು ಅದರ ಹೊರಗಿನವು ಎಂಬ ರುಚಿಭೇದ ನಮ್ಮ ವಿಮರ್ಶೆಯಲ್ಲಿ ಬೇರೂರಿದೆ. ಈ ರುಚಿ ಪರಕೀಯನಾದ ಪಾದ್ರಿಗೆ ಮಾಡಿದ ಅನ್ಯಾಯಕ್ಕಿಂತ ನಮ್ಮವರಿಗೇ ಮಾಡಿದ ಅನ್ಯಾಯ ದೊಡ್ಡದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನನ್ನು ನಾವು ನಿಷ್ಠೆಯ ದೃಷ್ಟಾಂತವೆಂದು ಒಂದು ಮಾತಿನಲ್ಲಿ ಹೊಗಳಿ, ಕೂಡಲೇ ಅಲ್ಲಮನ ಬೆಡಗಿಗೆ ಹಾರುತ್ತೇವೆ. ಅಕ್ಕಿಯ ಅಳತೆಯಲ್ಲಿಯೇ ಆಕೆಯ ದರ್ಶನವಿದೆಯೆಂದು ಓದಬಲ್ಲವನಿಗೆ ಬ್ರಿಸ್ಟಲಿನ ಪೆನ್ನಿ ಅಪರಿಚಿತವೆನಿಸದು. ಓದಲಾರದವನಿಗೆ ಎರಡೂ ದಕ್ಕವು. ಲಕ್ಕಮ್ಮನ ವಚನಗಳನ್ನು ಪಾಠ ಹೇಳುವ ತರಗತಿಯಲ್ಲಿಯೇ 1742ರ ಮತ್ತು 1785ರ ಆ ಪುಟಗಳನ್ನೂ ಓದಿಸತಕ್ಕದ್ದೆಂದು ನಾನು ಒತ್ತಾಯಿಸುತ್ತೇನೆ. ಆಲ್ಡರ್ಸ್‌ಗೇಟಿನ ಪುಟವನ್ನು ವಿದ್ಯಾರ್ಥಿಗಳು ಆಮೇಲೆ ತಾವೇ ಓದಿಕೊಳ್ಳಲಿ.