ಕಡೇ ಬಸ್ಸಿನ ಸವಾರರು

ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಬೆಟ್ಟ ಹತ್ತುವ ದಿನ ಟಿವಿ ಮುಂದೆ ಕೂತವರಿಗೆ ಕಾಣುವುದು ಮುಂದಿನ ನಾಲ್ಕೈದು ಮಂದಿ ಮಾತ್ರ. ನಾನೂ ವರ್ಷಗಟ್ಟಲೆ ಹಾಗೇ ನೋಡಿದವನು. ಒಂದು ಜುಲೈನಲ್ಲಿ ಪಿರನೀಸ್ ಬೆಟ್ಟಸಾಲಿನಲ್ಲಿ ತಂಡವೊಂದರ ಎರಡನೇ ಕಾರಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಅಂದಿನಿಂದ ನನ್ನ ಕಣ್ಣು ರೇಸಿನ ಬಾಲದ ಮೇಲೆಯೇ.

ಪಕ್ಕದಲ್ಲಿ ಮೆಕ್ಯಾನಿಕ್. ಅವನ ತೊಡೆಗೆ ಒರಗಿ ನಿಂತ ಬಿಡಿ ಚಕ್ರಗಳು, ಕಾಲ ಬಳಿ ಬಾಟಲಿ ತುಂಬಿದ ಐಸ್ ಪೆಟ್ಟಿಗೆ. ಕಾರಿನ ನೆತ್ತಿಯ ಮೇಲೆ ಸೈಕಲ್‌ಗಳ ಸಾಲು. ನಾಯಕನ ಸೈಕಲ್ ಯಾವಾಗಲೂ ಅಂಚಿನಲ್ಲೇ ಇರಬೇಕು, ಇಳಿದು ಕೈ ಎತ್ತಿದರೆ ಸಿಗುವಂತೆ. ಈ ಕಾರುಗಳ ದಿಬ್ಬಣಕ್ಕೂ ಒಂದು ಪಂಕ್ತಿಯಿದೆ. ಒಟ್ಟು ಸಮಯದ ಪಟ್ಟಿಯಲ್ಲಿ ಯಾರ ಸವಾರ ಮೇಲಿದ್ದಾನೋ ಅವರ ಕಾರು ಮುಂದೆ. ನಮ್ಮದು ಬಹಳ ಹಿಂದಿತ್ತು.

ಆಸ್ಪಿನ್ ಘಾಟಿಗೆ ಮೊದಲು ನಮ್ಮ ಹುಡುಗನೊಬ್ಬ ವೇಗ ತಗ್ಗಿಸಿ ಕಾರಿನ ಕಿಟಕಿಗೆ ಬಂದ. ಮುಂದೆ ಕೂತಿದ್ದ ತಂಡದ ನಿರ್ದೇಶಕರು ಬಾಟಲಿಗಳನ್ನು ಒಂದೊಂದಾಗಿ ಕೊಡುತ್ತ ಹೋದರು. ಎರಡು ಸೈಕಲ್‌ಗೆ ಸಿಕ್ಕಿಸಿದ; ಉಳಿದವನ್ನು ಬೆನ್ನಿನ ಜೇಬಿಗೆ, ಅಂಗಿಯ ಕುತ್ತಿಗೆಯೊಳಗೆ ತುರುಕಿಕೊಂಡ. ಎಂಟು ಬಾಟಲಿ ಎಂದರೆ ಸುಮಾರು 4 ಕಿಲೋ. ಅವನು ತುಳಿಯುವ ಸೈಕಲ್ಲೇ 6.8 ಕಿಲೋಗಿಂತ ಹಗುರಾಗಿರಬಾರದು ಎಂಬ ನಿಯಮವಿದೆ. ಅದರ ಅರ್ಧಕ್ಕೂ ಹೆಚ್ಚು ಭಾರವನ್ನು ಹೊತ್ತು ಅವನು ಮತ್ತೆ ಮುಂದಿನ ಗುಂಪನ್ನು ಮುಟ್ಟಬೇಕು. ಕೊನೆಯ ಬಾಟಲಿಯನ್ನು ಇಬ್ಬರೂ ಅರೆಗಳಿಗೆ ಹೆಚ್ಚೇ ಹಿಡಿದಿದ್ದರು, ಕಾರು ಅವನನ್ನು ಮೆಲ್ಲಗೆ ಮುಂದಕ್ಕೆ ಎಳೆದಿತ್ತು. ಹೀಗೆ ಎಳೆಸಿಕೊಳ್ಳುವುದು ಹೆಚ್ಚಾದರೆ ತೀರ್ಪುಗಾರರು ದಂಡ ಹಾಕುತ್ತಾರೆ. ಇಂಥ ಸವಾರನನ್ನು ಫ್ರೆಂಚರು ‘ದೊಮೆಸ್ತಿಕ್’ ಎನ್ನುತ್ತಾರೆ, ಮನೆಯಾಳು ಎಂದೇ ಅರ್ಥ. ನನಗೆ ಆ ಹೆಸರು ಹಿಡಿಸುವುದಿಲ್ಲ. ಬೀಗರ ಊಟದಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಕೂರುವ ಮನೆಮಗನನ್ನು ಯಾರೂ ಆಳು ಎನ್ನುವುದಿಲ್ಲ.

ಆಸ್ಪಿನ್ ಇಳಿದರೆ ಸಾಂತ್ ಮರಿ ದ ಕಾಂಪಾನ್ ಎಂಬ ಪುಟ್ಟ ಊರು. ತೂರ್‌ಮಾಲೆ ಘಾಟಿಯ ಏರು ಶುರುವಾಗುವುದು ಇಲ್ಲಿಂದ: 17 ಕಿಲೋಮೀಟರ್ ಹತ್ತಿದರೆ 2,115 ಮೀಟರ್ ಎತ್ತರ. 1910ರಲ್ಲಿ ಟೂರ್ ಮೊದಲ ಸಲ ಈ ಘಾಟಿ ಹತ್ತಿತು. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರ ಇದೇ ಘಾಟಿಯನ್ನು ಈ ಬದಿಗೆ ಇಳಿದು ಬರುವಾಗ ಸೈಕಲ್‌ನ ಮುಂದಿನ ಕವಲು ಮುರಿಯಿತು. ಆಗಿನ ನಿಯಮದಂತೆ ಯಾರೂ ಕೈಹಚ್ಚುವಂತಿರಲಿಲ್ಲ. ಸೈಕಲ್ ಹೊತ್ತು ಕಿಲೋಮೀಟರ್‌ಗಟ್ಟಲೆ ನಡೆದು, ಈ ಊರಿನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಸಿ ಬಡಿದು ಬೆಸೆದ. ತಿದಿ ಒತ್ತಿದ್ದು ಒಬ್ಬ ಹುಡುಗ. ಅದಕ್ಕೂ ಅಧಿಕಾರಿಗಳು ಕ್ರಿಸ್ತೋಫ್‌ಗೆ ದಂಡದ ನಿಮಿಷ ಸೇರಿಸಿದರು. ಗಂಟೆಗಟ್ಟಲೆ ಹಿಂದೆ ಬಿದ್ದರೂ ಅವನು ರೇಸ್ ಬಿಡಲಿಲ್ಲ. ಆ ಊರು ದಾಟುವಾಗ ನೆತ್ತಿಯ ಮೇಲಿನ ಸೈಕಲ್ ಸಾಲನ್ನು, ಪಕ್ಕದ ಬಿಡಿ ಚಕ್ರಗಳನ್ನು ನೆನೆದು ನಾನು ಸುಮ್ಮನೆ ಕೂತೆ.

ಏರು ಹತ್ತತೊಡಗಿದ ಮೇಲೆ ಮೊದಲ ಕಾರು ನಾಯಕನ ಬೆನ್ನುಹತ್ತಿತು. ನಾವು ಹಿಂದುಳಿದವರ ಜೊತೆ. ಸಪಾಟು ರಸ್ತೆಯಲ್ಲಿ ಮಿಂಚುವ ದಪ್ಪ ತೊಡೆಯ ಓಟಗಾರರು, ನೀರು ಹೊತ್ತು ಬಳಲಿದವರು, ಬಿದ್ದು ಗಾಯವಾದವರು, ಎಲ್ಲ ತಂಡದವರೂ ಇಲ್ಲಿ ಒಂದೇ ಗುಂಪು. ಫ್ರೆಂಚರು ಇದನ್ನು ಕರೆಯುವುದು ‘ಬಸ್ಸು’ ಎಂದು. ತಪ್ಪಿದರೆ ಊರು ಸೇರಲಾಗದ ಕಡೇ ಬಸ್ಸು ನಮಗೆಲ್ಲ ಗೊತ್ತಲ್ಲ, ಅದೇ ಇದು.

ಈ ಬಸ್ಸಿಗೆ ಗಡಿಯಾರದ ಭಯ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಕಾಲಮಿತಿ ಹಾಕುತ್ತಾರೆ, ಮೀರಿದವನು ಮನೆಗೆ. ಮುಂದಿನವನು ಗುರಿ ಮುಟ್ಟುವವರೆಗೆ ಮಿತಿ ಎಷ್ಟೆಂದು ಗೊತ್ತಾಗುವುದೇ ಇಲ್ಲ. ಹಾಗಾಗಿ ಗುಂಪಿನಲ್ಲಿ ಲೆಕ್ಕ ಬಲ್ಲ ಹಿರಿಯನೊಬ್ಬ ಬೇಕು: ಏರಿನಲ್ಲಿ ಎಷ್ಟು ಕಳೆದುಕೊಳ್ಳಬಹುದು, ಇಳಿಜಾರಿನಲ್ಲಿ ಎಷ್ಟು ಗಳಿಸಬೇಕು. ಆಸ್ಟ್ರಿಯಾದ ಬೆರ್ನಿ ಐಸೆಲ್ ಈ ಕೆಲಸಕ್ಕೇ ಹೆಸರಾದವನು. ಸಪಾಟು ರಸ್ತೆಯ ಓಟಗಾರ ಮಾರ್ಕ್ ಕ್ಯಾವೆಂಡಿಶ್‌ನನ್ನು ಎಷ್ಟೋ ಬೆಟ್ಟ ದಾಟಿಸಿದ. 2021ರಲ್ಲಿ ತೀನ್ಯ್ ಬೆಟ್ಟದಲ್ಲಿ ಕ್ಯಾವೆಂಡಿಶ್ ಜೊತೆಗಾರರ ಆಸರೆಯಲ್ಲಿ ಗುರಿ ತಲುಪಿದಾಗ ಮಿತಿಗೆ ಎರಡು ನಿಮಿಷವೂ ಉಳಿದಿರಲಿಲ್ಲ. ಮುಂದಿನ ಹಂತವನ್ನೇ ಗೆದ್ದ! 2024ರಲ್ಲಿ ಅವನು ಮುಟ್ಟಿದ 35 ಹಂತಗಳ ಗೆಲುವಿನ ದಾಖಲೆಯಲ್ಲಿ ಈ ಬಸ್ಸಿನವರ ಪಾಲನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ತೂರ್‌ಮಾಲೆಯ ನೆತ್ತಿಯಲ್ಲಿ ಚಳಿ ಗಾಳಿ. ನಮ್ಮ ನೀರು ಹೊತ್ತ ಹುಡುಗ ರಸ್ತೆ ಬದಿಯಲ್ಲಿ ಯಾರೋ ಚಾಚಿದ ದಿನಪತ್ರಿಕೆಯನ್ನು ಕಸಿದು, ಎದೆಗೂ ಅಂಗಿಗೂ ನಡುವೆ ತೂರಿಸಿಕೊಂಡ. ಬೆವರಿದ ಎದೆಗೆ ಇಳಿಜಾರಿನ ಗಾಳಿ ಬಡಿಯದಂತೆ ಹಳೆಯ ಕಾಲದಿಂದಲೂ ಇದೇ ಉಪಾಯ.

ಸಂಜೆ ಹೋಟೆಲಿನ ಹಿಂದೆ ಮೆಕ್ಯಾನಿಕ್ ನೀರಿನ ಪೈಪು ಹಿಡಿದು ನಿಂತಿದ್ದ. ಹ್ಯಾಂಡಲ್ ಪಟ್ಟಿಯ ಮೇಲೆ ಒಣಗಿದ ಬೆವರಿನ ಉಪ್ಪು ಬಿಳಿಗೀಟಾಗಿ ಕೂತಿತ್ತು. ಬೆರಳಿನಿಂದ ಒಮ್ಮೆ ಸವರಿ ನೋಡಿ, ಹಳೆಯ ಪಟ್ಟಿ ಬಿಚ್ಚಿ, ಹೊಸದನ್ನು ಸುತ್ತತೊಡಗಿದ. ಸೈಕಲ್ಲಿನ ಮೇಲೆ ಅಂಟಿಸಿದ ಹೆಸರು ಓದಿದೆ. ನಾಯಕನದಲ್ಲ, ನೀರು ಹೊತ್ತ ಹುಡುಗನದು.